ನೆಟ್ ಹೋಗಿದೆ ಎಂದು ಸುಳ್ಳು ಹೇಳಿದ ದಿನ

ನ್ಯಾಮತಿಯಲ್ಲಿ ನಾನು ಡಿಟಿಪಿ ಅಂಗಡಿ ತೆರೆದಾಗ ಇದ್ದ ಕಂಪ್ಯೂಟರು ಆನ್ ಆಗುವಷ್ಟರಲ್ಲಿ ಕಸ ಗುಡಿಸಿ, ಬಾಗಿಲಿಗೆ ನೀರು ಹಾಕಿ, ಒಂದು ಚಹಾ ಕುಡಿದು ಮುಗಿಸುತ್ತಿದ್ದೆ. ಮೇಲ್‌ನಿಂದ ಒಂದು ಫೋಟೊ ಇಳಿಯಲು ಹತ್ತು ನಿಮಿಷ ಬೇಕಿತ್ತು. ಅಷ್ಟು ಹೊತ್ತೂ ಬಂದವರು ಬೆಂಚಿನ ಮೇಲೆ ಕೂತು ಮಾತಾಡುತ್ತಿದ್ದರು. ಮಗಳನ್ನು ಯಾವ ಊರಿಗೆ ಕೊಟ್ಟದ್ದು, ಮೆಕ್ಕೆಜೋಳಕ್ಕೆ ಹುಳ ಬಿದ್ದದ್ದು, ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದೆ. ಕೈಗೆ ಬಿಡುವಿತ್ತು. ಆಗ ಅದು ಬಿಡುವು ಎಂದು ತಿಳಿಯದೆ ಯಂತ್ರಕ್ಕೆ ಬೈಯುತ್ತಿದ್ದೆ.

ಅಲ್ಲಿಂದೀಚೆಗೆ ಮೂರು ಸಲ ಕಂಪ್ಯೂಟರ್ ಬದಲಾಯಿಸಿದ್ದೇನೆ. ಕಳೆದ ವರ್ಷ ಫೈಬರ್ ನೆಟ್ ಬಂತು. ಕೆಲಸ ಬೇಗ ಮುಗಿದರೆ ಬೇಗ ಹೊನ್ನಾಳಿಯ ಮನೆ ಸೇರಬಹುದು ಎಂದುಕೊಂಡಿದ್ದೆ. ಹಾಗಾಗಲಿಲ್ಲ. ದಿನಕ್ಕೆ ನಾಲ್ಕು ಮದುವೆ, ತಿಥಿ ಕಾರ್ಡು ಮಾಡುತ್ತಿದ್ದವಳು ಈಗ ಇಪ್ಪತ್ತು ಮಾಡುತ್ತೇನೆ, ಅದರ ನಡುವೆಯೇ ಪಹಣಿ, ಅರ್ಜಿ, ಹಾಲ್ ಟಿಕೆಟ್ಟು. ಮಣಿಕಟ್ಟು ನೋಯುತ್ತದೆ, ಕಣ್ಣು ಉರಿಯುತ್ತದೆ. ಹೊಸ ಯಂತ್ರ ಜೋಡಿಸಲು ಚನ್ನಗಿರಿಯಿಂದ ಬಂದಿದ್ದವರು ಹೊರಡುವಾಗ ಹೇಳಿದರು:

“ಇದೇನೂ ಅಲ್ಲ ಮೇಡಂ. ಇನ್ನು ನಾಕೈದು ವರ್ಷಕ್ಕೆ ಬಾಯಲ್ಲಿ ಹೇಳಿದ್ರೆ ಸಾಕು, ಕಾರ್ಡು ತಾನೇ ರೆಡಿ ಆಗತೈತೆ. ನೆಟ್ಟೂ ಇದರ ನೂರು ಪಟ್ಟು ಓಡತೈತೆ.”

“ಆಗ ನಾನೇನ್ ಮಾಡ್ಲಿ?”

ಅವರು ನಕ್ಕರು. ನಾನು ತಮಾಷೆಗೆ ಕೇಳಿರಲಿಲ್ಲ.

ಈ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಎಪ್ಪತ್ತರ ಹತ್ತಿರದ ಹೆಂಗಸೊಬ್ಬರು ಮೈದುನನ ಜೊತೆ ಬಂದರು. ಗಂಡ ತೀರಿಕೊಂಡಿದ್ದರು, ತಿಥಿ ಕಾರ್ಡು ಆಗಬೇಕಿತ್ತು. ಮೈದುನ ವಿವರ ಬರೆದ ಹಾಳೆಯನ್ನೂ ಅಣ್ಣನ ಹಳೆಯ ಫೋಟೊವನ್ನೂ ಕೊಟ್ಟು, ಅಡುಗೆ ಪಾತ್ರೆಗಳಿಗೆ ಹೇಳಿ ಬರುವೆನೆಂದು ಹೋದರು. ನಾನು ಹಾಳೆ ಓದದೆಯೇ ಎರಡನ್ನೂ ಸ್ಕ್ಯಾನ್ ಮಾಡಿ ಯಂತ್ರಕ್ಕೆ ಕೊಟ್ಟೆ. ಅದು ಅಕ್ಷರ ಜೋಡಿಸಿತು. ಸತ್ತವರ ಹಿಂದಿದ್ದ ಗೋಡೆ ಅಳಿಸಿ ನೀಲಿ ಆಕಾಶ ಇಟ್ಟಿತು, ಮಾಸಿದ ಅಂಗಿಯನ್ನು ಬೆಳ್ಳಗೆ ಮಾಡಿತು. ಮೂರು ನಿಮಿಷವೂ ಆಗಿರಲಿಲ್ಲ.

“ನೋಡ್ರಿ ಅಮ್ಮ, ಸರಿ ಐತಾ?”

“ಇಷ್ಟು ಬೇಗ ಮುಗೀತಾ?” ಎಂದರು. ಎದ್ದೇಳಲಿಲ್ಲ. ಗಂಡನ ಮುಖವನ್ನೇ ನೋಡುತ್ತಾ ಏನೋ ಹೇಳಲು ಬಾಯಿ ತೆರೆದರು, ಹಿಂದೆ ನಿಂತಿದ್ದ ಐದಾರು ಜನರನ್ನು ಕಂಡು ಸುಮ್ಮನಾದರು.

“ಬೇಗ ಮೇಡಂ, ನಮ್ದು ಅರ್ಜೆಂಟ್ ಐತ್ರಿ,” ಎಂದು ಯಾರೋ ಅಂದರು.

ಯಾಕೆ ಹಾಗೆ ಮಾಡಿದೆನೋ ಗೊತ್ತಿಲ್ಲ. ತುಂಬಾ ದಣಿದಿದ್ದೆ, ಅದೊಂದೇ ಕಾರಣ ಇರಬಹುದು. ಮೇಜಿನ ಕೆಳಗೆ ಕೈ ಹಾಕಿ ನೆಟ್ಟಿನ ವೈರು ಕಿತ್ತೆ. “ನೆಟ್ ಹೋತು. ಅರ್ಧ ಗಂಟೆ ಬಿಟ್ಟು ಬರ್ರಿ,” ಎಂದೆ. ಇಬ್ಬರು ಗೊಣಗುತ್ತಾ ಇನ್ನೊಂದು ಅಂಗಡಿಗೆ ನಡೆದರು. ಉಳಿದವರು ಚಹಾಕ್ಕೆ ಹೋದರು. ನಾನು ಕುರ್ಚಿ ತಿರುಗಿಸಿ, “ಯಜಮಾನ್ರಿಗೆ ಏನಾಗಿತ್ತಮ್ಮ?” ಎಂದು ಕೇಳಿದೆ.

“ಎಂಟು ತಿಂಗಳು ಹಾಸಿಗೆ ಹಿಡಿದಿದ್ರವ್ವ,” ಎಂದು ಶುರು ಮಾಡಿದರು. “ಗಂಡುಮಕ್ಕಳಿಗೆ ಹೊಲದ ಕೆಲಸ. ನನ್ ಕೈಲಿ ಎತ್ತಾಕೆ ಆಗ್ತಿರ್ಲಿಲ್ಲ. ಮಗಳು ಜಗಳೂರಿಂದ ಬಂದು ನಿಂತ್ಲು. ಮೈ ತೊಳೆಯೋದು, ಉಣ್ಸೋದು, ಎಲ್ಲಾ ಅವಳೇ. ಕೊನೇಗೆ ಬಾಯಿಗೆ ನೀರು ಬಿಟ್ಟೋಳೂ ಅವಳೇ.”

ಹೇಳುತ್ತಾ ಹೋದರು. ನಾನು ಕೇಳುತ್ತಾ ಮೈದುನ ಕೊಟ್ಟ ಹಾಳೆ ಎತ್ತಿಕೊಂಡೆ. ‘ದುಃಖತಪ್ತರು’ ಎಂಬುದರ ಕೆಳಗೆ ಇಬ್ಬರು ಗಂಡುಮಕ್ಕಳು, ಮೈದುನ, ಮೊಮ್ಮಕ್ಕಳು ಇದ್ದರು.

“ಅಮ್ಮ, ನಿಮಗೆ ಓದಾಕೆ ಬರತೈತಾ?”

“ಇಲ್ಲವ್ವ.”

“ಇದ್ರಾಗೆ ನಿಮ್ಮ ಮಗಳ ಹೆಸರಿಲ್ಲ.”

ಆಕೆ ಹಾಳೆಯ ಕಡೆ ಬಗ್ಗಿದರು. ಆಮೇಲೆ ಮೆಲ್ಲಗೆ ಕೇಳಿದರು: “ನಂದು?”

“ನಿಮ್ದೂ ಇಲ್ಲ.”

ಸೆರಗಿನಿಂದ ಮುಖ ಒರೆಸಿಕೊಂಡರು. “ಎರಡೂ ಹಾಕವ್ವ. ಅವಳದ್ದು ಮೊದ್ಲು ಹಾಕು.”

ವೈರು ಸಿಕ್ಕಿಸಿದೆ. ಎರಡು ಹೆಸರುಗಳನ್ನೂ ನನ್ನ ಕೈಯಿಂದಲೇ ಟೈಪ್ ಮಾಡಿದೆ. ಕಾರ್ಡುಗಳು ಪ್ರಿಂಟಾಗಿ ಬೀಳುತ್ತಿರುವಾಗ ಮೈದುನ ಬಂದರು. ಒಂದನ್ನು ಎತ್ತಿ ಓದಿದವರ ಮುಖ ಬಿಗಿಯಾಯಿತು.

“ಇದನ್ನ ಯಾರು ಹಾಕಾಕೆ ಹೇಳಿದ್ದು?”

“ನಾನೇ,” ಎಂದರು ಅತ್ತಿಗೆ.

“ಕೊಟ್ಟ ಹೆಣ್ಮಕ್ಕಳ ಹೆಸರು ಹಾಕೋ ಪದ್ಧತಿ ನಮ್ಮಲ್ಲಿಲ್ಲ ಅತ್ತಿಗೆ.”

“ಕೊಟ್ಟ ಮಗಳು ಬಂದು ಅಪ್ಪನ ಹಾಸಿಗೆ ತೊಳೆಯೋ ಪದ್ಧತಿ ಇತ್ತಾ?”

ಮೈದುನ ಕಾರ್ಡಿನ ಕಟ್ಟನ್ನು ಚೀಲಕ್ಕೆ ಹಾಕಿಕೊಂಡು ಮುಂದೆ ನಡೆದರು. ಆಕೆ ನನ್ನ ತೋಳು ಮುಟ್ಟಿ ಹಿಂದೆಯೇ ಹೋದರು.

ದಿನಾ ಹೀಗೆ ಸುಳ್ಳು ಹೇಳಿದರೆ ಅಂಗಡಿ ನಡೆಯುವುದಿಲ್ಲ. ಅವತ್ತು ಗೊಣಗುತ್ತಾ ಹೋದ ಇಬ್ಬರು ಮತ್ತೆ ನನ್ನ ಕಡೆ ಬಂದಿಲ್ಲ. ಆ ದಿನ ಸಂಜೆ ಕೆಲಸ ಮುಗಿದ ಮೇಲೆ, ಈ ವರ್ಷ ಮಾಡಿದ ತಿಥಿ ಕಾರ್ಡುಗಳನ್ನೆಲ್ಲ ತೆರೆದು ಕೂತೆ. ಒಂದೊಂದರಲ್ಲೂ ಅದೇ ನೀಲಿ ಆಕಾಶ, ಅದೇ ಬಿಳಿ ಅಂಗಿ. ಅವನ್ನು ಮಾಡಿಸಲು ಬಂದು ನನ್ನೆದುರು ಕೂತಿದ್ದವರಲ್ಲಿ ಒಬ್ಬರ ಮುಖವಾದರೂ ನೆನಪಾಗುತ್ತದೆಯೇ ಎಂದು ನೋಡಿದೆ. ಆಗಲಿಲ್ಲ.