ಭಾನುವಾರ ಮಾರಬೇಕಿದ್ದ ಗಾಡಿ

ಮೊದಲೇ ಹೇಳಿಬಿಡುತ್ತೇನೆ, ಆ ಗಾಡಿಯನ್ನು ನಾನು ಯಾರನ್ನೂ ಕೇಳಿ ಕೊಂಡದ್ದಲ್ಲ. ಹೈದರಾಬಾದಿನ ಸರ್ಕಾರಿ ಶಾಲೆಗಳಲ್ಲಿ ಮೂವತ್ತು ವರ್ಷ ಗಣಿತ ಕಲಿಸಿ ನಿವೃತ್ತಳಾದಾಗ, ಬಂದ ಹಣದಲ್ಲಿ ಬಳೆ ಮಾಡಿಸಿಕೋ ಎಂದವರು ಇದ್ದರು, ಕಾಶಿಗೆ ಹೋಗಿ ಬಾ ಎಂದವರೂ ಇದ್ದರು. ನಾನು ಹತ್ತು ವರ್ಷ ಬೇರೆಯವರ ಕೈಯಲ್ಲಿ ಓಡಿದ, ನೆತ್ತಿಯ ಮೇಲೆ ಕಬ್ಬಿಣದ ಕ್ಯಾರಿಯರ್ ಹೊತ್ತ ನೀಲಿ ಪೆಟ್ರೋಲ್ ಎಸ್‌ಯುವಿಯೊಂದನ್ನು ತಂದು ಕುಷಾಯಿಗೂಡದ ನಮ್ಮ ಮನೆ ಮುಂದೆ ನಿಲ್ಲಿಸಿದೆ. ಡ್ರೈವಿಂಗ್ ಕಲಿತದ್ದು ಅರವತ್ತನೆಯ ವಯಸ್ಸಿನಲ್ಲಿ. ನಗುವವರು ನಗಲಿ.

ನಮ್ಮ ಮನೆಯವರಿಗೆ ಸ್ಕೂಟರ್ ಬಿಟ್ಟರೆ ಬೇರೇನೂ ಓಡಿಸಲು ಬಾರದು. ಮದುವೆಯಾದಾಗಿನಿಂದ ನಾನು ಎಲ್ಲಿಗೆ ಹೋಗಬೇಕಾದರೂ ಇವರ ಪುರುಸೊತ್ತು ಕೇಳಬೇಕಿತ್ತು. ಅಣ್ಣ ಕಲಬುರಗಿಯಿಂದ ಬಂದು ಕಾಚಿಗೂಡ ಸ್ಟೇಷನ್ನಿನಲ್ಲಿ ಇಳಿದರೆ ಕರೆತರಲು ಕೇಳಬೇಕು, ಗೆಳತಿಯ ಮನೆಗೆ ಹೋಗಲು ಕೇಳಬೇಕು, ನನ್ನ ಹಲ್ಲುನೋವಿಗೂ ಇವರು ಪೇಪರ್ ಓದಿ ಮುಗಿಸಬೇಕು. ಗಾಡಿ ಬಂದ ದಿನದಿಂದ ಕೇಳುವುದು ನಿಂತಿತು. ಅದು ಹೋದರೆ ಮತ್ತೆ ಶುರುವಾಗುತ್ತದೆ, ಅಷ್ಟೇ ನನ್ನ ಚಿಂತೆ.

ಗಾಡಿಯಲ್ಲಿ ಎರಡು ದೋಷ ಇದ್ದವು, ಸುಳ್ಳೇಕೆ. ಫ್ಲೈಓವರ್ ಏರುವಾಗ ಕಾಲು ಒತ್ತಿದರೆ ಮುಂದಿನಿಂದ ಬುಸ್ಸೆಂದು ಗಾಳಿ ಬಿಟ್ಟಂಥ ಸದ್ದು. ಇನ್ನೊಂದು, ಲೀಟರಿಗೆ ಏಳು ಕಿಲೋಮೀಟರ್ ಓಡಿದರೆ ಹೆಚ್ಚು. ಹತ್ತಕ್ಕೆ ಮೋಸವಿಲ್ಲ ಎಂದಿದ್ದರು ಮಾರಿದವರು. ಜೀಡಿಮೆಟ್ಲಾದಲ್ಲಿ ಕಾರ್ಖಾನೆಗಳ ಸಾಲಿನ ಹಿಂದೆ ಒಂದು ಶೆಡ್ಡಿತ್ತು, ಹೆಸರುವಾಸಿ ಮೆಕ್ಯಾನಿಕ್. ಎರಡು ಸಲ ಹೋದೆ. ಎರಡು ಸಲವೂ ಆತ ಎಂಜಿನ್ ಚಾಲೂ ಮಾಡಿ, ತಲೆ ವಾಲಿಸಿ ಕೇಳಿ, ನನ್ನನ್ನು ಬಿಟ್ಟು ಪಕ್ಕದಲ್ಲಿದ್ದ ಇವರ ಕಡೆ ತಿರುಗಿ, "ಸಾಬ್, ಗಾಡಿ ಏಕ್‌ದಂ ಬರಾಬರ್ ಹೈ. ಮೇಡಂ ಕಾ ವಹಮ್ ಹೈ" ಎಂದ. ಗಾಡಿ ಸರಿಯಿದೆ, ಮೇಡಂಗೆ ಭ್ರಮೆ! ಗಾಡಿ ಓಡಿಸುವವಳು ನಾನು, ಉತ್ತರ ಇವರಿಗೆ. ನನಗೆ ಮೈ ಉರಿದು ಹೋಯಿತು.

ಆ ಸೋಮವಾರ ಊಟಕ್ಕೆ ಕೂತಾಗ ಇವರು ಅನ್ನ ಕಲಸುತ್ತಾ ಹೇಳಿದರು. "ಇದು ಗಾಡಿ ಅಲ್ಲ, ಆನಿ ಸಾಕೀವಿ ನಾವು. ಭಾನುವಾರ ಒಬ್ರು ನೋಡಾಕ ಬರ್ತಾರ. ಕೊಟ್ಟು ಕೈ ತೊಳ್ಕೊಳ್ಳೋಣ."

"ಗಾಡಿ ಯಾರ ಹೆಸರಿನ್ಯಾಗ ಐತ್ರಿ?" ಅಂದೆ.

"ಹೆಸರು ನಿಂದ ಇರ್ಲಿ. ಪೆಟ್ರೋಲ್ ಕುಡಿಯೂದು ಮನಿ ರೊಕ್ಕ ಅಲ್ಲೇನು?"

"ಭಾನುವಾರದೊಳಗ ಸದ್ದೂ ಹುಡುಕ್ತೀನಿ, ಹತ್ತು ಕಿಲೋಮೀಟರೂ ಓಡಸ್ತೀನಿ. ಆಗ್ಲಿಲ್ಲ ಅಂದ್ರ ನಾನ ಕೀಲಿ ತಂದು ನಿಮ್ಮ ಕೈಯಾಗ ಇಡ್ತೀನ್ರಿ. ಆತಿಲ್ಲೋ?"

"ಆತು ಆತು" ಎಂದು ನಕ್ಕರು. ಆ ನಗು ನನಗೆ ಇನ್ನೂ ನೆನಪಿದೆ.

ನಮ್ಮ ಮನೆಯಲ್ಲಿ ಇನ್ನೊಬ್ಬರು ಇದ್ದರು, ಇವರ ತಾಯಿ, ಎಂಬತ್ತು ದಾಟಿದ ನನ್ನ ಅತ್ತೆ. ಕಿವಿ ಮಂದ, ಒಂದು ಕಿವಿಗೆ ಮಷೀನು. ಮುಂಜಾನೆ ಪೋರ್ಟಿಕೋದಲ್ಲಿ ಗಾಡಿಯ ಪಕ್ಕವೇ ಕುರ್ಚಿ ಹಾಕಿಕೊಂಡು ಹೂಬತ್ತಿ ಹೊಸೆಯುವುದು ಅವರ ರೂಢಿ. ಗಾಡಿ ಬಂದ ವಾರದಿಂದಲೇ ಅವರು ಅಡುಗೆಮನೆಗೆ ಬಂದು ಹೇಳುತ್ತಿದ್ದರು, "ಅವ್ವಾ, ನಿನ್ನ ಗಾಡಿ ಮುಂಜಾನೆ ಕುಟ್ ಕುಟ್ ಅಂತೈತಿ ನೋಡು."

ನಾನು ಸೌಟು ಹಿಡಿದೇ ಉತ್ತರ ಕೊಡುತ್ತಿದ್ದೆ. "ಅತ್ತಿ, ಅದು ನಿಮ್ಮ ಕಿವಿಯೊಳಗಿನ ಮಷೀನ್ ಇರ್ಬೇಕ್ರಿ." ಅವರು ತಿರುಗಿ ಹೋಗಿ ಬತ್ತಿ ಹೊಸೆಯುತ್ತಿದ್ದರು.

ನಮ್ಮ ಮನೆಯವರದು ಇನ್ನೊಂದು ರೂಢಿ. ಸ್ನಾನ ಮುಗಿಸಿ, ಮಡಿಯುಟ್ಟು, ಮೊದಲು ಗಾಡಿಯ ಎಂಜಿನ್ ಚಾಲೂ ಮಾಡುವುದು. ಆಮೇಲೆ ಅದಕ್ಕೆ ಕುಂಕುಮ ಹಚ್ಚಿ, ಊದುಬತ್ತಿ ಬೆಳಗಿ, ಎತ್ತರದ ದನಿಯಲ್ಲಿ ಸ್ತೋತ್ರ ಹೇಳುತ್ತಾ ಮೂರು ಸುತ್ತು ಬರುವುದು. ನಾನು ಹಿತ್ತಿಲ ಕಡೆಯ ಅಡುಗೆಮನೆಯಲ್ಲಿ ಕುಕ್ಕರಿನ ಮುಂದೆ ಇರುತ್ತಿದ್ದೆ. ನಾನು ಬರುವ ಹೊತ್ತಿಗೆ ಗಾಡಿ ಬೆಚ್ಚಗೆ ತಯಾರಾಗಿ ನಿಂತಿರುತ್ತಿತ್ತು. ಇವರು ನನಗಾಗಿ ಗಾಡಿಗೆ ಮಾಡುತ್ತಿದ್ದ ಸೇವೆ ಅದೊಂದೇ ಎಂದು ನಾನೂ ಖುಷಿಪಟ್ಟಿದ್ದೆ.

ಗುರುವಾರ ಇವರು ಪರವೂರಿನ ದಾಯಾದಿಗಳ ಮನೆಯ ಗೃಹಪ್ರವೇಶಕ್ಕೆಂದು ಬೆಳಕು ಹರಿಯುವ ಮುಂಚೆ ಆಟೋ ಹಿಡಿದು ಕಾಚಿಗೂಡ ಸ್ಟೇಷನ್ನಿಗೆ ಹೋದರು, ವಾಪಸಾಗುವುದು ಭಾನುವಾರ ಮುಂಜಾನೆ. ಅಂದು ಗಾಡಿಗೆ ಪೂಜೆಯಿಲ್ಲ, ಸ್ತೋತ್ರವಿಲ್ಲ. ಏಳೂವರೆಗೆ ನಾನೇ ಹೋಗಿ ಕೀಲಿ ತಿರುಗಿಸಿದೆ.

ಕುಟ್ ಕುಟ್ ಕುಟ್ ಕುಟ್.

ಮರಕುಟಿಗ ಬಾನೆಟ್ಟಿನೊಳಗೆ ಕೂತು ಕುಟ್ಟಿದ ಹಾಗೆ! ನಾನು ದಡಬಡಿಸಿ ಇಳಿದು ಬಾನೆಟ್ ಎತ್ತಿದೆ. ನಾಲ್ಕೈದು ನಿಮಿಷ ಕುಟ್ಟಿತು, ಎಂಜಿನ್ ಕಾದಂತೆ ಸಣ್ಣಗಾಯಿತು, ಆಮೇಲೆ ಏನೂ ಇಲ್ಲ. ತಿರುಗಿ ನೋಡಿದರೆ ಅತ್ತೆ ಬತ್ತಿ ಹೊಸೆಯುವುದನ್ನು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದರು.

"ಇದನ್ನ ಅಲ್ಲೇನವಾ ನಾ ಆರು ತಿಂಗಳಿಂದ ಹೇಳಾಕತ್ತಿದ್ದು? ಕಿವಿ ಕಮ್ಮಿ ಐತಿ, ಖರೇ. ಹೋಗೇನಿಲ್ಲ."

ನನಗೆ ನಾಚಿಕೆಯಾಯಿತು. ಮೆಕ್ಯಾನಿಕ್ ನನಗೆ ಭ್ರಮೆ ಎಂದದ್ದಕ್ಕೆ ಊರೆಲ್ಲ ಬೈದುಕೊಂಡು ತಿರುಗಿದ ನಾನು, ಅದನ್ನೇ ಅತ್ತೆಗೆ ದಿನಾ ಮುಂಜಾನೆ ಹೇಳಿದ್ದೆ. "ತಪ್ಪಾತ್ರಿ ಅತ್ತಿ" ಎಂದು ಅವರ ಕಾಲ ಹತ್ತಿರ ಕೂತೆ. "ಅದೆಲ್ಲ ಇರ್ಲಿ, ಈಗೇನ ಮಾಡ್ತಿ ಹೇಳು" ಅಂದರು.

ಎಂಜಿನ್ ರಾತ್ರಿಯೆಲ್ಲ ತಣಿದರೆ ಮಾತ್ರ ಕುಟ್ಟುತ್ತದೆ. ನಮ್ಮೂರ ಬಿಸಿಲಲ್ಲಿ ನಿಂತ ಗಾಡಿ ಹಗಲಲ್ಲಿ ಪೂರ್ತಿ ತಣಿಯುವುದೇ ಇಲ್ಲ. ಜೀಡಿಮೆಟ್ಲಾ ಮುಟ್ಟುವಷ್ಟರಲ್ಲಿ ಅದು ಕಾದು ಸಭ್ಯನಂತೆ ನಿಂತರೆ ಮೆಕ್ಯಾನಿಕ್ಕಿಗೆ ಏನು ಕೇಳೀತು? ಅದಕ್ಕೇ ಅಂದು ಸಂಜೆ ಗಾಡಿಯನ್ನು ಶೆಡ್ಡಿನಲ್ಲಿ ಬಿಟ್ಟು, ನಾನು ಬರುವ ತನಕ ಯಾರೂ ಕೀಲಿ ಮುಟ್ಟಕೂಡದು ಎಂದು ತಾಕೀತು ಮಾಡಿ ಬಂದೆ. ಕೀಲಿಯನ್ನೂ ತಂದೆ, ನಂಬುವುದು ಯಾಕೆ?

ಶುಕ್ರವಾರ ಆಟೋದಲ್ಲಿ ಹೊರಟಾಗ ಅತ್ತೆ ಒಂಬತ್ತು ಗಜದ ಸೀರೆ ಉಟ್ಟು ತಯಾರಾಗಿದ್ದರು. ಬೇಡವೆಂದರೆ ಕೇಳಲಿಲ್ಲ. ಶೆಡ್ಡಿನಲ್ಲಿ ಸ್ಟೂಲ್ ತರಿಸಿಕೊಂಡು ಬಾನೆಟ್ಟಿನ ಎದುರಿಗೇ ಕೂತು, ಹುಟ್ಟಿದೂರಿನ ದಖನಿ ಉರ್ದುವಿನಲ್ಲಿ ಮೆಕ್ಯಾನಿಕ್ಕಿಗೆ ಹೇಳಿದರು, "ಹಾಂ, ಅಬ್ ಸುನೋ ಮಿಯಾಂ." ಈಗ ಕೇಳಪ್ಪಾ, ಅಂತ.

ನಾನು ಕೀಲಿ ತಿರುಗಿಸಿದೆ. ಕುಟ್ ಕುಟ್ ಕುಟ್. ಆತನ ಮುಖ ನೋಡಬೇಕಿತ್ತು! "ಅರೆರೆರೆ" ಎಂದ. ಎಂಜಿನ್ನಿನಿಂದ ಹೊಗೆ ಹೊರಬೀಳುವ ಕೊಳವೆಯ ಬುಡದಲ್ಲಿ ಎಲ್ಲೋ ಸೋರಿಕೆ ಇದೆ, ಆದರೆ ಎಲ್ಲಿ ಎಂದು ಕಾಣುತ್ತಿಲ್ಲ ಎಂದ. ನಾನು ಎಂಜಿನ್ ಆರಿಸಿದೆ.

"ಗ್ಯಾಸ್ ಸಿಲಿಂಡರ್ ಸೋರಿದ್ರ ನಾವೇನ್ ಮಾಡ್ತೀವವಾ?" ಅಂದರು ಅತ್ತೆ ನನ್ನ ಕಡೆ ತಿರುಗಿ. "ಸಾಬೂನಿನ ನೀರು ಹಚ್ಚಿ ನೋಡೂದಿಲ್ಲೇನು?"

ನಾನದನ್ನು ಮೆಕ್ಯಾನಿಕ್ಕಿಗೆ ಹಿಂದಿಯಲ್ಲಿ ಹೇಳಿದೆ. ಆತ ಮೇಲಿನ ತಗಡು ಬಿಚ್ಚಿ, ಹಿಂದಿನ ಸೈಲೆನ್ಸರ್ ಬಾಯಿಗೆ ಒದ್ದೆ ಬಟ್ಟೆ ಒತ್ತಿಸಿ, ಜೋಡಣೆಯ ಉದ್ದಕ್ಕೂ ಸಾಬೂನಿನ ನೀರು ಬಳಿದು, ಚಾಲೂ ಮಾಡುವಂತೆ ನನಗೆ ಹೇಳಿದ. ಮೂರನೆಯ ಬೋಲ್ಟಿನ ಕೆಳಗೆ ಗುಳುಗುಳು ಗುಳ್ಳೆ ಎದ್ದವು. ಬೋಲ್ಟ್ ಮುರಿದಿತ್ತು, ಒಳಗಿನ ಗ್ಯಾಸ್ಕೆಟ್ ಸುಟ್ಟು ಸೀಳಿತ್ತು. ಕಬ್ಬಿಣ ಕಾದು ಹಿಗ್ಗಿದಾಗ ಆ ಸೀಳು ಬಹುಮಟ್ಟಿಗೆ ಮುಚ್ಚುತ್ತಿತ್ತು, ಅದಕ್ಕೇ ಕುಟ್ಟುವ ಸದ್ದು ಅಡಗುತ್ತಿತ್ತು; ಏರಿನಲ್ಲಿ ಕಾಲು ಒತ್ತಿದಾಗ ಉಳಿದ ಸಂದಿನಿಂದಲೇ ಬುಸ್ಸೆನ್ನುತ್ತಿತ್ತು. ಆ ಸೀಳಿನಿಂದ ಹೊರಗಿನ ಗಾಳಿ ನುಗ್ಗಿದರೆ ಹೊಗೆ ಅಳೆಯುವ ಸೆನ್ಸರ್ ಪೆಟ್ರೋಲ್ ಸಾಲದೆಂದು ತಿಳಿದು ಇನ್ನಷ್ಟು ಸುರಿಸುತ್ತದಂತೆ. ಇದನ್ನೆಲ್ಲ ಆತ ಈ ಸಲ ನನಗೇ ಹೇಳಿದ, ನನ್ನ ಮುಖ ನೋಡಿ.

ಸಂಜೆಗೆ ಹೊಸ ಗ್ಯಾಸ್ಕೆಟ್, ಹೊಸ ಬೋಲ್ಟ್. ನೆತ್ತಿಯ ಕ್ಯಾರಿಯರನ್ನೂ ಕಿತ್ತು ಅಲ್ಲೇ ಬಿಸಾಡಿಸಿದೆ, ನಾಲ್ಕೂ ಟೈರಿಗೆ ಸರಿಯಾಗಿ ಗಾಳಿ ಹಿಡಿಸಿದೆ. ಗಣಿತದವಳಲ್ಲವೇ, ಇನ್ನೊಂದು ಲೆಕ್ಕ ತಲೆಯಲ್ಲಿ ಕೊರೆಯುತ್ತಿತ್ತು. ಇವರ ಸ್ತೋತ್ರ ಮುಗಿಯಲು ಇಪ್ಪತ್ತು ನಿಮಿಷ. ನಿಂತಲ್ಲೇ ಇಪ್ಪತ್ತು ನಿಮಿಷ ಉರಿದರೆ ಲೀಟರಿನ ಮೂರನೇ ಒಂದು ಪಾಲು ಹೋಗುತ್ತದೆ ಎಂದು ಮೆಕ್ಯಾನಿಕ್ಕೇ ಹೇಳಿದ್ದ. ನಾನು ದಿನಕ್ಕೆ ಓಡಿಸುವುದು ಹತ್ತು ಹನ್ನೆರಡು ಕಿಲೋಮೀಟರ್, ಅದರಲ್ಲಿ ಮೂರು ಕಿಲೋಮೀಟರಿನ ಪೆಟ್ರೋಲ್ ನಿಂತಲ್ಲೇ ಉರಿಯುತ್ತಿತ್ತು. ಸದ್ದನ್ನು ಆರು ತಿಂಗಳು ಮುಚ್ಚಿಟ್ಟದ್ದೂ ಅದೇ ಪೂಜೆ, ಪೆಟ್ರೋಲ್ ಕುಡಿಯುವ ಆನೆಗೆ ದಿನಾ ಮುಂಜಾನೆ ಬಟ್ಟಲು ಹಿಡಿದದ್ದೂ ಅದೇ ಪೂಜೆ!

ಶನಿವಾರ ಟ್ಯಾಂಕ್ ತುಂಬಿಸಿ, ಅತ್ತೆಯನ್ನು ಮುಂದೆ ಕೂರಿಸಿಕೊಂಡು ಸಂಜೆಯವರೆಗೆ ಊರು ಸುತ್ತಿದೆ. ಫ್ಲೈಓವರ್ ಏರುವಾಗಲೂ ಬುಸ್ಸೆನ್ನಲಿಲ್ಲ. ಅದೇ ಬಂಕಿಗೆ ಬಂದು ಮತ್ತೆ ತುಂಬಿಸಿದೆ. ಅರವತ್ತೆರಡು ಕಿಲೋಮೀಟರಿಗೆ ಆರು ಲೀಟರ್ ಕೂಡ ಹಿಡಿಸಲಿಲ್ಲ.

ಭಾನುವಾರ ಮುಂಜಾನೆ ಇವರನ್ನು ಕರೆತರಲು ನಾವಿಬ್ಬರೂ ಕಾಚಿಗೂಡಕ್ಕೆ ಹೋದೆವು. ಇವರು ಚೀಲ ಹಿಡಿದು ಬಂದು ಮುಂದಿನ ಬಾಗಿಲು ತೆಗೆದರು. ಅಲ್ಲಿ ಅವರ ತಾಯಿ ಕೂತಿದ್ದರು.

"ಹಿಂದ ಕೂಡ್ರು" ಅಂದರು ಅತ್ತೆ.

ದಾರಿಯುದ್ದಕ್ಕೂ ನಾನು ಎಲ್ಲವನ್ನೂ ಹೇಳಿದೆ, ಇಪ್ಪತ್ತು ನಿಮಿಷದ ಲೆಕ್ಕವನ್ನೂ ಬಿಡಲಿಲ್ಲ. ಇವರು, "ಹತ್ತ ಗಂಟೆಕ್ಕ ಗಾಡಿ ನೋಡಾಕ ಅವ್ರು ಬರ್ತಾರಲ್ಲ, ಏನ ಹೇಳ್ಲಿ?" ಎಂದರು.

"ಚಾ ಕುಡ್ದು ಹೋಗ್ಲಿ" ಅಂದರು ಅತ್ತೆ. "ನನ್ನ ಸೊಸಿ ಗಾಡಿ ಮಾರೂದಿಲ್ಲ."

ಬಂದವರು ಚಹಾ ಕುಡಿದು ಹೋದರು. ಮರುದಿನ ಮುಂಜಾನೆ ಇವರು ಸ್ನಾನ ಮಾಡಿ, ಕುಂಕುಮ ಹಚ್ಚಿ, ಊದುಬತ್ತಿ ಬೆಳಗಿ, ಸದ್ದಿಲ್ಲದೆ ನಿಂತ ಗಾಡಿಗೆ ಮೂರು ಸುತ್ತು ಬಂದರು. ಕೀಲಿ ನನ್ನ ಸೊಂಟದಲ್ಲಿತ್ತು.