ರಾಮಮ್ಮನ ಕೈಗೆ ಒಗ್ಗಿದ ಕಂಪ್ಯೂಟರು

ಹುಣಸೂರಿನಲ್ಲಿ ಯಾರ ಕಂಪ್ಯೂಟರು ಕೆಟ್ಟರೂ ಕೊನೆಗೆ ಅದು ಹುಮೇರಾಳ ಅಂಗಡಿಗೇ ಬರುತ್ತಿತ್ತು. ಮರಗೆಲಸದ ನಿಜಾಮುದ್ದೀನರ ಮಗಳು. ಬಿಟ್ಟಿಯಾಗಿ ಸಿಗುವ ಆಪರೇಟಿಂಗ್ ಸಿಸ್ಟಂ ಒಂದನ್ನು ತನಗೆ ಬೇಕಾದ ಹಾಗೆ ತಿದ್ದಿ, ಹಳೇ ಯಂತ್ರಗಳಿಗೆ ಮತ್ತೆ ಜೀವ ಬರಿಸುವುದರಲ್ಲಿ ಅವಳ ಕೈ ಪಳಗಿತ್ತು.

ಗಾವಡಗೆರೆಯ ಗ್ರಂಥಾಲಯಕ್ಕೆ ನಾಲ್ಕು ಹಳೇ ಕಂಪ್ಯೂಟರು ಬಂದಾಗ ಅವಳೇ ಹೋಗಿ ಸಜ್ಜು ಮಾಡಿದಳು. ಕರಿ ತೆರೆ, ಸಣ್ಣ ಅಕ್ಷರ, ಅರ್ಧ ಕೆಲಸ ಕೀಬೋರ್ಡಿನಲ್ಲೇ. ನೋಡಿ ತಾನೇ ಹಿಗ್ಗಿದಳು. ಮೂರು ತಿಂಗಳಾದ ಮೇಲೆ ಗ್ರಂಥಾಲಯ ನೋಡಿಕೊಳ್ಳುವ ಶಾಂತಲಾ ಫೋನು ಮಾಡಿ, ಕಾಲೇಜಿನ ಇಬ್ಬರು ಹುಡುಗಿಯರು ಬಿಟ್ಟರೆ ಯಾರೂ ಕೂರುತ್ತಿಲ್ಲ ಎಂದರು.

ಮಾರನೇ ದಿನ ಹುಮೇರಾ ಬಸ್ಸು ಹತ್ತಿದಳು. ಅಲ್ಲಿ ಮಹಿಳಾ ಸಂಘದ ಅಧ್ಯಕ್ಷೆ ರಾಮಮ್ಮ ಕೂತಿದ್ದರು. ಏಳನೇ ಕ್ಲಾಸು ಓದಿದವರು, ಮನೆಯಲ್ಲಿ ಎರಡು ಹಸು. ಹೈಸ್ಕೂಲಿನ ಹತ್ತಿರ ಬಸ್ಸು ನಿಲ್ಲಿಸಿ ಎಂದು ಅರ್ಜಿ ಬರೆಯಬೇಕಿತ್ತು. ಹುಮೇರಾ ಹಿಂದೆ ನಿಂತು ನೋಡತೊಡಗಿದಳು. ಹಾಲು ಕರೆದು ಗಟ್ಟಿಯಾದ ಬೆರಳು ಮೌಸನ್ನು ಒಮ್ಮೆ ಒತ್ತಿತು, ಸ್ವಲ್ಪ ತಡೆದು ಮತ್ತೆ ಒತ್ತಿತು. ಬೆನ್ನುಬೆನ್ನಿಗೇ ಎರಡು ಸಲ ಒತ್ತಬೇಕಿತ್ತು, ಏನೂ ತೆರೆಯಲಿಲ್ಲ.

"ಕಡತಕೋಶ ಅಂದ್ರೆ ಏನವ್ವಾ?" ಎಂದು ರಾಮಮ್ಮ ತಿರುಗಿ ಕೇಳಿದರು.

"ಕಾಗದ ಇಡೋ ಜಾಗ ಕಣಮ್ಮ."

"ಅಂಗಂತ್ಲೇ ಬರೀಬಾರ್ದಾಗಿತ್ತಾ? ಇದು ನಮ್ಮಂತೋರಿಗೆ ಮಾಡಿದ್ದಲ್ಲ ಬುಡು." ಸಿಟ್ಟಿಲ್ಲದೆಯೇ ಹೇಳಿ ಎದ್ದು ಹೋದರು.

ಆ ಮಾತು ಹುಮೇರಾಳ ಎದೆಗೆ ನಾಟಿತು. ಊರಿಗೆ ಬಂದು, ಕಾಲೇಜಿನಲ್ಲಿ ಕಂಪ್ಯೂಟರು ಕಲಿಸುವ ಗೆಳೆಯ ಶರತ್‌ಗೆ ಹೇಳಿಕೊಂಡಳು. ರಾಮಮ್ಮನಿಗಾಗಿ ಮಾಡಿದರೆ ಕಂಪ್ಯೂಟರು ಗೊತ್ತಿರುವವರು ಬೈಯುತ್ತಾರೆ, ಎಲ್ಲರಿಗೂ ಆಗುವಂತೆ ಎಲ್ಲೋ ನಡುವೆ ನಿಲ್ಲಿಸು ಎಂದ ಅವನು.

"ಗೊತ್ತಿರೋರು ಬೈಕೊಂಡಾದ್ರೂ ದಾರಿ ಹುಡುಕ್ತಾರೆ ಶರತ್," ಎಂದಳು ಹುಮೇರಾ. "ಗೊತ್ತಿಲ್ದೋರು ಬೈಯಲ್ಲ. ಎದ್ದು ಹೋಗ್ತಾರೆ."

ತಾನು ಮೆಚ್ಚಿದ್ದ ಕರಿ ತೆರೆಯನ್ನು ಅವಳೇ ಕಿತ್ತಳು. ದಪ್ಪ ಅಕ್ಷರ ಬಂತು, ಒಂದೇ ಒತ್ತಿಗೆ ತೆರೆಯುವ ನಾಲ್ಕು ಚಿತ್ರ ಬಂದವು. ಪದಗಳಿಗಾಗಿ ನಾಲ್ಕು ಶನಿವಾರ ಸಂಘದ ಹೆಂಗಸರ ಜೊತೆ ಕೂತಳು. ಕಡತಕೋಶ ಹೋಗಿ 'ಗೂಡು' ಆಯಿತು. ಅಳಿಸಿದ್ದು ಬೀಳುವ ಜಾಗಕ್ಕೆ ಒಬ್ಬರು ತಿಪ್ಪೆ ಎಂದರು. ಅಲ್ಲಿಂದ ವಾಪಸು ತೆಗೆಯಬಹುದಾ ಎಂದು ರಾಮಮ್ಮ ವಿಚಾರಿಸಿದರು. ತೆಗೆಯಬಹುದು ಎಂದಳು ಹುಮೇರಾ. "ಅಂಗಾದ್ರೆ ತಿಪ್ಪೆ ಅಲ್ಲ, ಅಟ್ಟ," ಎಂದರು ರಾಮಮ್ಮ. ಅಟ್ಟವೇ ಉಳಿಯಿತು.

ಮೊದಲಿನಿಂದ ಬರುತ್ತಿದ್ದ ಕಾಲೇಜು ಹುಡುಗಿಯರಲ್ಲಿ ಒಬ್ಬಳಾದ ಅನುಶ್ರೀ, ಇದೇನು ಮಕ್ಕಳಾಟ ಎಂದು ಮುಖ ಊದಿಸಿದಳು. ಅವಳ ಹೆಸರಿನಲ್ಲಿ ತೆರೆದಾಗ ಮಾತ್ರ ಹಳೇ ಕರಿ ತೆರೆ ಬರುವಂತೆ ಮಾಡಿಕೊಟ್ಟು ಹುಮೇರಾ ಸಮಾಧಾನಪಡಿಸಿದಳು.

ರಾಮಮ್ಮ ಎರಡು ಗಂಟೆ ಕೂತು, ಒಂದೊಂದೇ ಅಕ್ಷರ ಹುಡುಕಿ ಅರ್ಜಿ ಮುಗಿಸಿದರು. ಪ್ರಿಂಟು ಬಿಸಿಬಿಸಿಯಾಗಿ ಹೊರಬಂದಾಗ ಅದನ್ನು ಮಡಿಚಲು ಮನಸ್ಸಾಗದೆ ಎರಡೂ ಕೈಯಲ್ಲಿ ಹಿಡಿದುಕೊಂಡೇ ಮನೆಗೆ ನಡೆದರು. ಹೈಸ್ಕೂಲಿನ ಹತ್ತಿರ ಬಸ್ಸು ನಿಲ್ಲಲು ಮಳೆಗಾಲ ಕಳೆಯಬೇಕಾಯಿತು, ಆದರೆ ನಿಂತಿತು.

ಆಮೇಲೆ ಗುರುಪುರದ ಗ್ರಂಥಾಲಯದವರೂ ಹುಮೇರಾಳನ್ನು ಕರೆದರು. ಕಂಪ್ಯೂಟರು ಆಮೇಲೆ ನೋಡೋಣ, ಮೊದಲು ಒಂದು ವಾರ ಬಂದು ಸುಮ್ಮನೆ ಕೂರುತ್ತೇನೆ, ಯಾರ್ಯಾರು ಬರುತ್ತಾರೆ ನೋಡಬೇಕು ಎಂದಳು.