ನೀಲಿ ಬಿಲ್ಲೆ, ಹಟ್ಟಿಯ ಗಾಳಿ

ಮಡಿಕೇರಿಗೆ ಬಂದ ಎರಡನೆಯ ವಾರ, ಕಾಲೇಜಿಗೆ ಹೊರಟವನು ಬೂಟಿನೊಳಗೆ ಕಾಲಿಟ್ಟರೆ ಹತ್ತಿಯಂತೆ ಮೆತ್ತಗೆ ಏನೋ ತಾಗಿತು. ಬೂಷ್ಟು! ನಮ್ಮ ಗದಗಿನಲ್ಲಿ ಬೂಟು ಬಿರಿದದ್ದನ್ನು ಕಂಡಿದ್ದೆ, ಚಿಗುರಿದ್ದನ್ನು ಕಂಡಿರಲಿಲ್ಲ.

ನಮ್ಮ ಕಡೆಯೂ ಕೊಡಗೂ ಒಂದೇ ಮೈಸೂರು ರಾಜ್ಯಕ್ಕೆ ಸೇರಿ ಆಗಿನ್ನೂ ಕೆಲವೇ ವರ್ಷ. ಭೌತಶಾಸ್ತ್ರ ಕಲಿಸಲು ನನ್ನನ್ನು ಇಲ್ಲಿಗೆ ಹಾಕಿದ್ದರು. ಧಾರವಾಡದಲ್ಲಿ ಅರ್ಧಕ್ಕೆ ನಿಂತ ಸಂಶೋಧನೆಯನ್ನೂ ಹೊತ್ತು ತಂದಿದ್ದೆ: ತಾಮ್ರದ ಥ್ಯಾಲೊಸಯನಿನ್ ಎಂಬ ಕಡುನೀಲಿ ಪುಡಿಯನ್ನು ಒತ್ತಿ ಮಾಡಿದ ಬಿಲ್ಲೆ. ಲೋಹವನ್ನು ಒಡಲಲ್ಲಿಟ್ಟುಕೊಂಡ ಆ ಸಾವಯವ ವಸ್ತು ಅರೆವಾಹಕ. ಅದರಲ್ಲಿ ಹರಿಯುವ ವಿದ್ಯುತ್ತನ್ನು ಅಳೆಯುವುದು ನನ್ನ ಕೆಲಸ. ಕಾಲೇಜಿನಲ್ಲಿ ಜಾಗವಿರಲಿಲ್ಲ. ಬಾಡಿಗೆ ಕೋಣೆಯ ಮೇಜಿನ ಮೇಲೆಯೇ ಎಲ್ಲ ಹೂಡಿದೆ.

ಧಾರವಾಡದಲ್ಲಿ ಮಿಸುಕದಿದ್ದ ಮಾಪಕದ ಮುಳ್ಳು ಇಲ್ಲಿ ದಿನಕ್ಕೊಂದು ಕಡೆ ನಿಂತಿತು. ಮೂರು ಹೊತ್ತೂ ಅನ್ನ. ಸುತ್ತ ಕೊಡವ ತಕ್ಕ್, ಮಲಯಾಳ, ತುಳು. ನನ್ನ ಕನ್ನಡಕ್ಕೆ ತರಗತಿಯೇ ನಗುತ್ತಿತ್ತು. ಇದೊಂದಾದರೂ ಸರಿಹೋಗಲೆಂದು ಎಷ್ಟೋ ಸಂಜೆ ಆ ಮುಳ್ಳಿನ ಮುಂದೆ ಕೂತಿದ್ದೇನೆ.

ಒಂದು ಬೆಳಿಗ್ಗೆ ಮನೆಯೊಡತಿ ಗಂಗಮ್ಮ, ಕರಿಕೆ ಕಡೆಯ ಅರೆಭಾಷೆಯವರು, 'ಇದೆ' ಎನ್ನಲು 'ಉಟ್ಟು' ಎನ್ನುವವರು, ಕಿಟಕಿಯಾಚೆಯಿಂದ ಕೂಗಿದರು.

"ಸಾರ್, ಕಿಟಕಿ ಹಾಕಿ. ಹಟ್ಟಿ ತೊಳಿಯಕೆ ಉಟ್ಟು."

"ಇಡೀ ಹಟ್ಟಿ ತೊಳೀತೀರೇನ್ರಿ?" ನಮ್ಮಲ್ಲಿ ಹಟ್ಟಿಯೆಂದರೆ ಜನರಿರುವ ಕೇರಿ.

"ಮತ್ತೆಂತ? ದನ ಕಟ್ಟುವ ಜಾಗ, ನಾತ ಉಟ್ಟಲ್ಲಾ!"

ಇಬ್ಬರೂ ನಕ್ಕೆವು. ಬಂದ ಮೇಲೆ ಯಾರೊಂದಿಗೋ ಕೂಡಿ ನಕ್ಕದ್ದು ಅದೇ ಮೊದಲು.

ಹಟ್ಟಿ ತೊಳೆದು ಸ್ವಲ್ಪ ಹೊತ್ತಿಗೆ, ನಾತ ಕಡಿಮೆಯಾದಂತೆ, ಮುಳ್ಳು ಏರತೊಡಗಿತು. ಗಂಜಲದಿಂದೇಳುವುದು ಅಮೋನಿಯ! ರಸಾಯನಶಾಸ್ತ್ರದವರಿಂದ ಅಮೋನಿಯದ ಸೀಸೆ ತಂದು ಬಿಲ್ಲೆಯ ಬಳಿ ಬಿರಡೆ ತೆಗೆದೆ. ಮುಳ್ಳು ಸರ್ರನೆ ಇಳಿಯಿತು. ಗಂಟೆಯಾಕಾರದ ಗಾಜಿನ ಜಾಡಿ ಮುಚ್ಚಿ, ಗಾಳಿಯನ್ನು ಹೊರಗೆಳೆದು ಬಿಲ್ಲೆಯನ್ನು ಕಾಯಿಸಿದೆ. ಮೇಲ್ಮೈಗೆ ಅಂಟಿದ್ದ ಆವಿ ಬಿಟ್ಟುಹೋಯಿತು. ಒಣಗಾಳಿ ಬಿಟ್ಟಾಗ ಮುಳ್ಳು ಮೆಲ್ಲಗೆ ಮೇಲೆ ಬಂತು. ಕೆಟ್ಟಿದ್ದು ನನ್ನ ಕೈಯಲ್ಲ. ಈ ಊರಿನ ಗಾಳಿಯೇ ಬಿಲ್ಲೆಯೊಳಗಿನ ಹರಿವನ್ನು ಬದಲಿಸುತ್ತಿತ್ತು.

ರಜೆಯಲ್ಲಿ ಧಾರವಾಡಕ್ಕೆ ಹೋದಾಗ ನನ್ನ ಗುರುಗಳು ಹೇಳಿದರು: "ಇಲ್ಲೇ ಬಂದ್ಬಿಡಪಾ, ಜಾಗ ಖಾಲಿ ಐತಿ. ಒಣಾ ಹವಾ, ರೀಡಿಂಗ್ ನಿಂತಲ್ಲೇ ನಿಂತಿರ್ತಾವ."

ವರ್ಷವಿಡೀ ಕಾದಿದ್ದ ಮಾತು.

"ಅವು ಯಾಕ ಓಡ್ತಾವ ಅನ್ನೋದೇ ಈಗ ನನಗ ಬೇಕಾಗೇತ್ರಿ ಸರ್. ಅದು ಅಲ್ಲೇ ಸಿಗ್ತೈತಿ."

"ಅಲ್ಲಿ ಒಬ್ಬನೇ ಇರ್ತೀಯಲ್ಲೋ."

"ಹೌದ್ರಿ," ಎಂದೆ.

ಮಡಿಕೇರಿಗೆ ಮರಳಿದ ಸಂಜೆ ಗಂಗಮ್ಮ ತವರಿಗೆ ಹೋಗಿದ್ದರು. ಅವ್ವ ಕಟ್ಟಿಕೊಟ್ಟ ಖಡಕ್ ರೊಟ್ಟಿಯ ಗಂಟು ಬಿಚ್ಚಿದೆ. ಗದಗಿನಲ್ಲಿ ಹಪ್ಪಳದಂತೆ ಮುರಿಯುತ್ತಿದ್ದ ರೊಟ್ಟಿ, ಇಲ್ಲಿ ಬಟ್ಟೆಯಂತೆ ಮಡಚಿಕೊಂಡಿತು. ಸದ್ದಿಲ್ಲದ ಆ ರೊಟ್ಟಿಯನ್ನು ಒಬ್ಬನೇ ಕೂತು ತಿಂದೆ.